ಬ್ರೇಕ್ ಕಿಟ್‌ಗಿಂತ ಮೊದಲು ಬ್ರೇಕ್ ಆಯಿಲ್

ನಮ್ಮ ಕಾಲೇಜಿನಲ್ಲಿ ಪರೀಕ್ಷೆಯನ್ನು ಬಿಟ್ಟರೆ ಅತಿ ಹೆಚ್ಚು ಚರ್ಚೆಯಾಗುವ ವಿಷಯ ಕಾರು. ಗಲ್ಫ್‌ನಿಂದ ರಜೆಗೆ ಬಂದ ಅಣ್ಣಂದಿರು, ಮಾಮುಗಳು ಕಾರು ತೆಗೆದುಕೊಳ್ಳುತ್ತಾರೆ, ಅದರ ಸುದ್ದಿ ಮರುದಿನ ನಮ್ಮ ಕ್ಲಾಸಿಗೆ ಬರುತ್ತದೆ. ಎರಡು ವರ್ಷದ ಹಿಂದೆ ಅಲಾಯ್ ವೀಲ್ ಮತ್ತು ಸೈಲೆನ್ಸರ್ ಬಗ್ಗೆ ಮಾತಾಡುತ್ತಿದ್ದವರು ಈಗ 'ಬಿಗ್ ಬ್ರೇಕ್ ಕಿಟ್' ಬಗ್ಗೆ ಮಾತಾಡುತ್ತಿದ್ದಾರೆ. ದೊಡ್ಡ ಡಿಸ್ಕು, ಕೆಂಪು ಬಣ್ಣದ ಕ್ಯಾಲಿಪರ್, ತೂತು ಕೊರೆದ ರೋಟರ್. ಭಟ್ಕಳದಿಂದ ಕುಮಟಾದವರೆಗೆ ಹೆದ್ದಾರಿ ಅಗಲವಾಗಿದೆ, ಗಾಡಿ ಓಡಿಸಬೇಕು ಅಂದರೆ ಬ್ರೇಕ್ ಗಟ್ಟಿ ಇರಬೇಕು ಎನ್ನುವುದು ಅವರ ವಾದ.

ಸೈಲೆನ್ಸರ್‌ಗಿಂತ ಬ್ರೇಕ್‌ಗೆ ದುಡ್ಡು ಹಾಕುವುದು ನೂರು ಪಾಲು ಒಳ್ಳೆಯದು ಎಂದು ನಾನು ಒಪ್ಪುತ್ತೇನೆ. ಸೈಲೆನ್ಸರ್ ಬದಲಾಯಿಸಿದರೆ ಬೀದಿಯ ಮುದುಕರ ನಿದ್ದೆ ಹಾಳಾಗುವುದು ಬಿಟ್ಟು ಬೇರೇನೂ ಆಗುವುದಿಲ್ಲ. ಆದರೆ 'ಓಡಿಸಬೇಕು' ಎನ್ನುತ್ತಾರಲ್ಲ, ಎಲ್ಲಿ ಓಡಿಸುವುದು, ಯಾವ ರಸ್ತೆಯಲ್ಲಿ, ಯಾವ ತಿಂಗಳಲ್ಲಿ? ಇದಕ್ಕೆ ಉತ್ತರ ಸಿಕ್ಕ ಮೇಲೆ ಯಾವ ಬ್ರೇಕ್ ಬೇಕು ಎಂದು ನೋಡಬಹುದು. ನಮ್ಮವರು ಈ ಲೆಕ್ಕವನ್ನು ಉಲ್ಟಾ ಮಾಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಬ್ರೇಕ್ ಎಂದರೆ ಓಟವನ್ನು ಬಿಸಿಯಾಗಿ ಬದಲಾಯಿಸುವ ಯಂತ್ರ. ಗಾಡಿ ನಿಲ್ಲುವಾಗ ಅದರ ವೇಗದಲ್ಲಿದ್ದ ಶಕ್ತಿ ಎಲ್ಲಿಗೂ ಮಾಯವಾಗುವುದಿಲ್ಲ, ಡಿಸ್ಕ್ ಮತ್ತು ಪ್ಯಾಡ್‌ನಲ್ಲಿ ಶಾಖವಾಗುತ್ತದೆ. ಆ ಶಾಖವನ್ನು ತಡೆದುಕೊಳ್ಳುವ ಮತ್ತು ಗಾಳಿಗೆ ಬಿಡುವ ತಾಕತ್ತು ಹೆಚ್ಚಿಸುವುದೇ ಬ್ರೇಕ್ ಅಪ್‌ಗ್ರೇಡ್. ಇದು ಹೊಸ ವಿಚಾರವಲ್ಲ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಂಗಸು ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಮಾಡಿದ ಮೋಟಾರು ಗಾಡಿಯಲ್ಲಿ ಮನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಹೋದಳು. ದಾರಿಯಲ್ಲಿ ಇಳಿಜಾರು ಬಂದಾಗ ಮರದ ಬ್ರೇಕ್ ಕಟ್ಟೆಗಳು ಸವೆದುಹೋದವು. ಆಕೆ ಒಬ್ಬ ಚಮ್ಮಾರನ ಹತ್ತಿರ ಹೋಗಿ ಅವುಗಳ ಮೇಲೆ ಚರ್ಮ ಹೊಡೆಸಿದಳು. ಪ್ರಪಂಚದ ಮೊದಲ ಬ್ರೇಕ್ ಲೈನಿಂಗ್ ಅದು ಎನ್ನುತ್ತಾರೆ. ಹುಡುಗಿಯರಿಗೆ ಗಾಡಿ ವಿಷಯ ಏನು ಗೊತ್ತು ಎಂದು ಕೇಳುವವರು ಇದನ್ನು ಎರಡು ಸಲ ಓದಬೇಕು. ಬರ್ತಾ ಬ್ರೇಕ್ ಗಟ್ಟಿ ಮಾಡಿದ್ದು ಇನ್ನೂ ಜೋರಾಗಿ ಹೋಗಲಿಕ್ಕಲ್ಲ, ಗುಡ್ಡ ಇಳಿಯಲಿಕ್ಕೆ.

ನಮಗೂ ಗುಡ್ಡಗಳಿವೆ. ಭಟ್ಕಳದವರಿಗೆ ಕೋಗಾರು ಘಟ್ಟ, ಹೊನ್ನಾವರದವರಿಗೆ ಗೇರುಸೊಪ್ಪದ ಆಚೆ ಮಾಲೇಮನೆ ಘಟ್ಟ, ಕುಮಟಾದವರಿಗೆ ದೇವಿಮನೆ ಘಟ್ಟ. ನಾನು ಕಾಮರ್ಸ್ ವಿದ್ಯಾರ್ಥಿ, ಆದರೆ ಒಂಬತ್ತನೇ ಕ್ಲಾಸಿನ ವಿಜ್ಞಾನ ಪೂರ್ತಿ ಮರೆತಿಲ್ಲ. ಹಾಗಾಗಿ ಒಂದು ಲೆಕ್ಕ ಮಾಡಿ ನೋಡಿದೆ. 1,200 ಕಿಲೋ ತೂಕದ ಕಾರು 100 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 4 ಲಕ್ಷ 63 ಸಾವಿರ ಜೂಲ್. ಅದೇ ಕಾರು ಎತ್ತರದಲ್ಲಿ 400 ಮೀಟರ್ ಇಳಿಯುವ ಒಂದು ಘಟ್ಟವನ್ನು ಇಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 47 ಲಕ್ಷ ಜೂಲ್. ಅಂದರೆ ನೂರರ ವೇಗದಿಂದ ಹತ್ತು ಸಲ ಪೂರ್ತಿ ನಿಲ್ಲಿಸಿದಷ್ಟು. ಘಟ್ಟದಲ್ಲಿ ಗಾಡಿ ಇಪ್ಪತ್ತರಲ್ಲೇ ಹೋಗಲಿ, ಎಪ್ಪತ್ತರಲ್ಲೇ ಹೋಗಲಿ, ಈ 47 ಲಕ್ಷ ಎಲ್ಲಿಗಾದರೂ ಹೋಗಲೇಬೇಕು. ಸ್ವಲ್ಪ ಗಾಳಿ ತಿನ್ನುತ್ತದೆ, ಸ್ವಲ್ಪ ಟಯರ್ ತಿನ್ನುತ್ತದೆ. ಉಳಿದದ್ದನ್ನು ಇಂಜಿನ್ ಹೊರಬೇಕೋ ಬ್ರೇಕ್ ಹೊರಬೇಕೋ ಎಂದು ತೀರ್ಮಾನಿಸುವವನು ಡ್ರೈವರ್.

ಹಳೆಯ ಲಾರಿ ಡ್ರೈವರ್‌ಗಳು ಹೇಳುವ ನಿಯಮವಿದೆ: ಹತ್ತುವ ಗೇರಿನಲ್ಲೇ ಇಳಿ. ಎರಡನೇ ಗೇರಿನಲ್ಲಿ ಹತ್ತಿದ ತಿರುವನ್ನು ಎರಡನೇ ಗೇರಿನಲ್ಲೇ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ನಮ್ಮ ಕಡೆ ಮಾಡುವುದು ಏನು? ಪೆಟ್ರೋಲ್ ಉಳಿಯುತ್ತದೆ ಎಂದು ನ್ಯೂಟ್ರಲ್‌ಗೆ ಹಾಕುತ್ತಾರೆ. ಇದು ಲೆಕ್ಕದಲ್ಲೂ ತಪ್ಪು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜಿನ್‌ಗೆ ಇಂಧನ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಆರದಂತೆ ಇಡಲು ಪೆಟ್ರೋಲ್ ಬೇಕು. ಅಂದರೆ ಉಳಿಸಲು ಹೋಗಿ ಖರ್ಚು ಮಾಡುತ್ತಿದ್ದೇವೆ, ಜೊತೆಗೆ ಎಲ್ಲ ಭಾರವನ್ನೂ ಬ್ರೇಕ್ ಮೇಲೆ ಹಾಕುತ್ತಿದ್ದೇವೆ. ಇನ್ನು ಕೆಲವರು ಇಂಜಿನ್ನೇ ಆಫ್ ಮಾಡುತ್ತಾರೆ. ಆಗ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುವುದಿಲ್ಲ. ಒಂದೆರಡು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ.

ಈಗ ಬ್ರೇಕ್ ಆಯಿಲ್ ವಿಷಯ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು. ಪೆಡಲ್ ಒತ್ತಿದಾಗ ನಮ್ಮ ಕಾಲಿನ ಬಲವನ್ನು ಚಕ್ರದವರೆಗೆ ಒಯ್ಯುವುದು ಪೈಪಿನಲ್ಲಿರುವ ಆಯಿಲ್. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಅದಕ್ಕೇ ಅದು ಕೆಲಸ ಮಾಡುತ್ತದೆ. ಆದರೆ ಈ ಆಯಿಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ಶೇ. 3.7ರಷ್ಟು ನೀರು ಸೇರಿದ ಮೇಲೆ ಇದೇ ಮಟ್ಟ ಡಾಟ್ 3ಕ್ಕೆ 140ಕ್ಕೂ ಡಾಟ್ 4ಕ್ಕೆ 155ಕ್ಕೂ ಇಳಿಯುತ್ತದೆ. ನೂರಕ್ಕೆ ನಾಲ್ಕು ಪಾಲು ನೀರೂ ಇಲ್ಲ, 65ರಿಂದ 75 ಡಿಗ್ರಿ ಹೋಯಿತು! ಆಯಿಲ್ ಕುದಿದರೆ ಆವಿಯಾಗುತ್ತದೆ, ಆವಿಯನ್ನು ಒತ್ತಿ ಕುಗ್ಗಿಸಬಹುದು, ಪೆಡಲ್ ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ. ಘಟ್ಟದಲ್ಲಿ 'ಬ್ರೇಕ್ ಫೇಲ್' ಎಂದು ನಾವು ಕೇಳುವ ಕಥೆಗಳಲ್ಲಿ ಏನೂ ಮುರಿಯದೆ ಇರಬಹುದು. ಗಾಡಿ ತಣ್ಣಗಾದ ಮೇಲೆ ಗ್ಯಾರೇಜಿನಲ್ಲಿ ನೋಡಿದರೆ ಬ್ರೇಕ್ ಸರಿಯಾಗಿಯೇ ಹಿಡಿಯಬಹುದು.

ನಾವು ಬದುಕುವುದು ಎಲ್ಲಿ ಎಂದು ಯೋಚಿಸಿ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಕಡಲತೀರದಲ್ಲಿ. ಜುಲೈನಲ್ಲಿ ಉಪ್ಪಿನ ಡಬ್ಬಿಯೊಳಗಿನ ಉಪ್ಪೇ ನೀರಾಗುತ್ತದೆ. ಇಂಥ ಗಾಳಿಯಲ್ಲಿ ನಿಂತ ಗಾಡಿಯ ಆಯಿಲ್ ಒಣಗಿ ಇರುತ್ತದೆಯೇ? ಹೆಚ್ಚಿನ ಕಂಪನಿಗಳ ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದಿರುತ್ತದೆ. ನಮ್ಮ ಬೀದಿಯಲ್ಲಿ ನಾನು ಕೇಳಿದ ಏಳು ಮನೆಗಳಲ್ಲಿ ಒಂದು ಮನೆಯವರು ಮಾತ್ರ ಬದಲಾಯಿಸಿದ್ದರು. ಉಳಿದವರು "ಕಮ್ಮಿಯಾದರೆ ಟಾಪ್ ಅಪ್ ಮಾಡ್ತೇವೆ" ಎಂದರು. ಹಳೆಯ ನೀರಿಗೆ ಹೊಸ ಆಯಿಲ್ ಬೆರೆಸಿದಂತೆ ಅದು. ಗಲ್ಫ್‌ನಲ್ಲಿರುವವರ ಗಾಡಿಯಂತೂ ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲಿ ನಿಂತಿರುತ್ತದೆ. ಕಿಲೋಮೀಟರ್ ಓಡಿಲ್ಲ, ಗಾಡಿ ಹೊಸದರಂತೆ ಇದೆ ಎಂದು ಹೇಳುತ್ತಾರೆ. ಆಯಿಲ್ ತೇವ ಎಳೆದುಕೊಳ್ಳುವುದು ಕಿಲೋಮೀಟರ್ ನೋಡಿ ಅಲ್ಲ. ಉಪ್ಪುಗಾಳಿಗೆ ಡಿಸ್ಕಿಗೆ ತುಕ್ಕು ಬರುವುದೂ, ಕ್ಯಾಲಿಪರ್ ಪಿನ್ ಜಾಮ್ ಆಗುವುದೂ ನಿಂತ ಗಾಡಿಗೇ ಹೆಚ್ಚು.

ನನ್ನ ಖಾಲಾನ ಮಗ, ಭಾಯ್‌ಜಾನ್, ಶಾರ್ಜಾದಲ್ಲಿದ್ದಾರೆ. ಈ ಸಲ ರಜೆಯಲ್ಲಿ ಕಿಟ್ ಹಾಕಿಸುವ ಯೋಚನೆಯಲ್ಲಿದ್ದರು. ಮನೆಯಲ್ಲಿ ಇದೇ ಚರ್ಚೆ ಆಯಿತು. "ಬ್ರೇಕ್ ಗಟ್ಟಿ ಇದ್ದರೆ ಸ್ಪೀಡಿಗೆ ಯಾಕೆ ಹೆದರಬೇಕು?" ಎಂದು ಕೇಳಿದರು. ಅಲ್ಲಿಯ ರಸ್ತೆಗೆ ಅವರ ಮಾತು ಸ್ವಲ್ಪ ಮಟ್ಟಿಗೆ ನಿಜ ಇರಬಹುದು. ಅಲ್ಲಿ ರಸ್ತೆ ನೇರ, ಒಣ, ದನ ಮಲಗಿರುವುದಿಲ್ಲ, ಬ್ರೇಕಿನ ಶತ್ರು ಬಿಸಿ. ಇಲ್ಲಿ ನಾಲ್ಕು ತಿಂಗಳು ಬ್ರೇಕಿನ ಶತ್ರು ನೀರು. ಬಿಸಿಗೆ ದೊಡ್ಡ ಡಿಸ್ಕ್ ಉತ್ತರ. ನೀರಿಗೆ ದೊಡ್ಡ ಡಿಸ್ಕ್ ಉತ್ತರವಲ್ಲ. ಯಾಕೆಂದರೆ ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಗಾಡಿಯನ್ನು ನಿಲ್ಲಿಸುವುದು ಟಯರ್. ರಸ್ತೆಗೆ ತಾಗಿರುವ ನಾಲ್ಕು ಅಂಗೈಯಗಲ ರಬ್ಬರಿಗೆ ಹಿಡಿತ ಇಲ್ಲದಿದ್ದರೆ ಲಕ್ಷ ರೂಪಾಯಿಯ ಬ್ರೇಕ್ ಕೂಡ ಏನೂ ಮಾಡಲಾರದು.

ಲೆಕ್ಕ ಕೊಡುತ್ತೇನೆ. ಎದುರು ಏನೋ ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕು ಎಂದುಕೊಳ್ಳೋಣ. ಒಣ ರಸ್ತೆಯಲ್ಲಿ ಒಳ್ಳೆಯ ಟಯರ್ ಇದ್ದರೆ 60 ಕಿ.ಮೀ. ವೇಗದ ಕಾರು ಸುಮಾರು 35 ಮೀಟರ್‌ನಲ್ಲಿ ನಿಲ್ಲುತ್ತದೆ, 100ರಲ್ಲಿದ್ದರೆ 77 ಮೀಟರ್ ಬೇಕು. ಮಳೆಗೆ ರಸ್ತೆಯ ಹಿಡಿತ ಅರ್ಧಕ್ಕೆ ಇಳಿದರೆ 60ಕ್ಕೆ 53 ಮೀಟರ್, 100ಕ್ಕೆ 127 ಮೀಟರ್. ಒಂದು ಫುಟ್‌ಬಾಲ್ ಮೈದಾನಕ್ಕಿಂತ ಉದ್ದ. ಹೆದ್ದಾರಿಯಲ್ಲಿ ರಾತ್ರಿ ಮಲಗಿದ ದನ ಡಿಮ್ ಲೈಟಿನಲ್ಲಿ ಎಷ್ಟು ದೂರಕ್ಕೆ ಕಾಣುತ್ತದೆ ಎಂದು ನಿಮ್ಮ ಮನೆಯ ಡ್ರೈವಿಂಗ್ ಮಾಡುವವರನ್ನು ಕೇಳಿ. ಮಳೆಗಾಲದಲ್ಲಿ ಭಟ್ಕಳದ ರಂಗಿನಕಟ್ಟೆಯಲ್ಲಿ ಹೆದ್ದಾರಿಯೇ ಕೆರೆಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ನೀರಿನ ಮೇಲೆ ಟಯರ್ ತೇಲಿದರೆ ಹಿಡಿತ ಅರ್ಧವಲ್ಲ, ಶೂನ್ಯ.

2022ರ ಜುಲೈ 20ರ ವಿಡಿಯೋ ನಿಮಗೆ ನೆನಪಿರಬೇಕು. ನಾವು ಆಗ ಹೈಸ್ಕೂಲಿನ ಮಕ್ಕಳು, ಎಲ್ಲರ ಮೊಬೈಲಿಗೂ ಬಂದಿತ್ತು. ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ದಕ್ಷಿಣಕ್ಕೆ ಹೋಗುತ್ತಿದ್ದ ಆಂಬುಲೆನ್ಸ್, ಭಟ್ಕಳ ದಾಟಿ ಬೈಂದೂರು ತಾಲೂಕಿನ ಶಿರೂರು ಟೋಲ್ ಗೇಟಿನ ಹತ್ತಿರ ಬರುತ್ತದೆ. ಸಿಬ್ಬಂದಿ ಓಡಿ ಬಂದು ಬ್ಯಾರಿಕೇಡ್ ತೆಗೆಯುತ್ತಿದ್ದಾರೆ. ಮಳೆಗೆ ರಸ್ತೆ ಒದ್ದೆಯಾಗಿದೆ. ಆಂಬುಲೆನ್ಸ್ ಬ್ರೇಕ್ ಹಾಕುತ್ತದೆ, ಜಾರಿ ಗಿರಕಿ ಹೊಡೆದು ಟೋಲ್ ಕಂಬಕ್ಕೆ ಅಪ್ಪಳಿಸುತ್ತದೆ. ನಾಲ್ಕು ಜನ ತೀರಿಕೊಂಡರು. ಈ ದೃಶ್ಯವನ್ನು ನೋಡಿದ ಯಾರಾದರೂ ಅಲ್ಲಿ ಬ್ರೇಕ್ ಹಿಡಿಯಲಿಲ್ಲ ಎನ್ನಬಹುದೇ? ಗಾಡಿಯ ಚಕ್ರಕ್ಕೂ ರಸ್ತೆಗೂ ಸಂಬಂಧವೇ ತಪ್ಪಿತ್ತು. ಡ್ರೈವರನ್ನು ನಾನು ದೂರುವುದಿಲ್ಲ. ದೊಡ್ಡ ಆಸ್ಪತ್ರೆ ಹತ್ತಿರದಲ್ಲಿದ್ದರೆ ಅವರು ಆ ಮಳೆಯಲ್ಲಿ ಹಾಗೆ ಓಡಿಸುವ ಅಗತ್ಯವೇ ಇರುತ್ತಿರಲಿಲ್ಲ. ಆ ಘಟನೆಯ ನಂತರ ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಜೋರಾಯಿತು. ಇಂದಿಗೂ ನಮ್ಮ ಮನೆಗಳಲ್ಲಿ ಯಾರಿಗಾದರೂ ಎದೆನೋವು ಬಂದರೆ ಬಾಯಿಗೆ ಬರುವ ಮೊದಲ ಹೆಸರು ಮಣಿಪಾಲ ಅಥವಾ ಮಂಗಳೂರು. ಅಂದರೆ ಹೆದ್ದಾರಿ 66ರಲ್ಲಿ 'ಹಾರ್ಡ್ ಡ್ರೈವಿಂಗ್' ಮಾಡಬೇಕಾಗಿ ಬರುವುದು ನಿಜವಾಗಿ ಆಂಬುಲೆನ್ಸ್‌ಗಳಿಗೆ. ಒಳ್ಳೆಯ ಟಯರು, ಹೊಸ ಆಯಿಲ್, ಕೆಲಸ ಮಾಡುವ ಎಬಿಎಸ್ ಎಲ್ಲಿ ಮೊದಲು ಇರಬೇಕು ಎಂದರೆ ಅಲ್ಲಿ. ನಮ್ಮ ಊರುಗಳಲ್ಲಿ ಜಮಾಅತ್‌ಗಳು, ಸಂಘಗಳು ಆಂಬುಲೆನ್ಸ್ ಕೊಡಿಸುವಾಗ ಉದ್ಘಾಟನೆ ಮಾಡಿ ಫೋಟೋ ತೆಗೆಸಿಕೊಳ್ಳುತ್ತವೆ. ನಾಲ್ಕು ವರ್ಷದ ನಂತರ ಅದರ ಟಯರಿಗೆ ಯಾರು ಚಂದಾ ಎತ್ತುತ್ತಾರೆ? ಟಯರಿನ ಗೀರು 1.6 ಮಿಲಿಮೀಟರ್‌ಗಿಂತ ಕಡಿಮೆ ಉಳಿದರೆ ಕಾನೂನಿನ ಪ್ರಕಾರವೇ ಅದು ಸವೆದ ಟಯರು.

ಎಲ್ಲ ಅಪಘಾತವೂ ಬ್ರೇಕಿನದ್ದಲ್ಲ ಎಂಬುದೂ ಗೊತ್ತಿರಲಿ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ತರುತ್ತಿದ್ದ ವ್ಯಾಪಾರಿಗಳ ಲಾರಿ ಯಲ್ಲಾಪುರದ ಹತ್ತಿರ ಕಂದಕಕ್ಕೆ ಬಿದ್ದು 10 ಜನ ಸತ್ತರು. ಬೇರೆ ವಾಹನಕ್ಕೆ ದಾರಿ ಬಿಡಲು ಹೋಗಿ ಹೀಗಾಯಿತು ಎಂದು ಪೊಲೀಸರು ಹೇಳಿದ್ದರು. ಅಲ್ಲಿ ಬೇಕಿದ್ದದ್ದು ಗಟ್ಟಿ ತಡೆಗೋಡೆ.

ಮತ್ತೆ ಕಿಟ್‌ಗೆ ಬರುತ್ತೇನೆ. ದೊಡ್ಡ ಡಿಸ್ಕಿನಿಂದ ಲಾಭ ಇದೆ. ಬಿಸಿ ಹಂಚಿಹೋಗುತ್ತದೆ, ಸಾಲಾಗಿ ಹತ್ತಾರು ಸಲ ಜೋರಾಗಿ ಬ್ರೇಕ್ ಹಾಕಿದರೂ ಸೋಲುವುದಿಲ್ಲ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಯ ರೇಸನ್ನು ಜಾಗ್ವಾರ್ ಗೆದ್ದದ್ದು ಡಿಸ್ಕ್ ಬ್ರೇಕ್ ಇದ್ದ ಗಾಡಿಯಿಂದ. ಬೇರೆಯವರ ಡ್ರಮ್‌ಗಳು ಬಿಸಿಯಾಗಿ ದಣಿಯುತ್ತಿದ್ದಾಗ ಇವರು ತಿರುವಿನ ಹತ್ತಿರ ಹೋಗಿ ಬ್ರೇಕ್ ಹಾಕಬಹುದಾಗಿತ್ತು. ಆದರೆ ಅದು ರೇಸ್. ರೇಸ್ ಪ್ಯಾಡ್‌ಗಳು ಬಿಸಿಯಾದ ಮೇಲೆಯೇ ಚೆನ್ನಾಗಿ ಹಿಡಿಯುತ್ತವೆ. ಬೆಳಿಗ್ಗೆ ಮನೆಯಿಂದ ಹೊರಟು ಶಂಸುದ್ದೀನ್ ಸರ್ಕಲ್ ಹತ್ತಿರ ಶಾಲೆಯ ಮಗು ಅಡ್ಡ ಬಂದಾಗ ಆ ಪ್ಯಾಡ್ ತಣ್ಣಗಿರುತ್ತದೆ, ಕಂಪನಿ ಪ್ಯಾಡ್‌ಗಿಂತ ಕಡಿಮೆ ಹಿಡಿಯಬಹುದು. ಮುಂದಿನ ಚಕ್ರಕ್ಕೆ ಮಾತ್ರ ದೊಡ್ಡ ಬ್ರೇಕ್ ಹಾಕಿದರೆ ಮುಂದೆ ಹಿಂದೆ ಬಲ ಹಂಚುವ ಲೆಕ್ಕ ತಪ್ಪುತ್ತದೆ. ಎಬಿಎಸ್‌ನ ಲೆಕ್ಕವನ್ನು ಕಂಪನಿ ಹಳೆಯ ಡಿಸ್ಕಿಗೆ ಹೊಂದಿಸಿರುತ್ತದೆ. ದೊಡ್ಡ ಡಿಸ್ಕ್ ಕೂರಲು ದೊಡ್ಡ ವೀಲ್ ಬೇಕು, ದೊಡ್ಡ ವೀಲಿಗೆ ತೆಳು ಟಯರ್, ತೆಳು ಟಯರಿಗೆ ನಮ್ಮ ಹೊಂಡ. ಖರ್ಚಿನ ಸರಪಳಿ ಅಲ್ಲಿಗೆ ಮುಗಿಯುವುದಿಲ್ಲ.

ಈ ಖರ್ಚಿಗೆ ನಮ್ಮ ಮನೆಯಲ್ಲಿ ಇಸ್ರಾಫ್ ಎನ್ನುತ್ತಾರೆ. ಕಾಮರ್ಸ್ ಕ್ಲಾಸಿನಲ್ಲಿ ಬೇರೆ ಮಾತಿದೆ. ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವಿಮೆಯ ತತ್ವಗಳನ್ನು ಓದಿದ್ದೇವೆ. ಮೊದಲನೆಯದೇ ಪರಮ ವಿಶ್ವಾಸದ ತತ್ವ: ವಿಮೆ ಮಾಡಿಸುವವನು ಮುಖ್ಯ ಸಂಗತಿಗಳನ್ನು ಮುಚ್ಚಿಡಬಾರದು. ಗಾಡಿಯ ಬ್ರೇಕನ್ನೇ ಬದಲಾಯಿಸಿ ವಿಮಾ ಕಂಪನಿಗೆ ಹೇಳದಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ನಾವೇ ಕಾರಣ ಕೊಟ್ಟಂತೆ. ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದು ಇಲ್ಲಿ ಲಕ್ಷಗಳ ಪ್ರಶ್ನೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಮಾಲೀಕನಿಗೆ ಅಂಥ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆಯಿಲ್, ಪ್ಯಾಡ್, ಟಯರುಗಳನ್ನು ಕಂಪನಿ ಹೇಳಿದ ಅಳತೆಯದ್ದೇ ಹಾಕಿದರೆ ಈ ಯಾವ ತೊಂದರೆಯೂ ಇಲ್ಲ.

ಇದಕ್ಕಿಂತ ದೊಡ್ಡ ಸಂಗತಿ ಮನಸ್ಸಿನದ್ದು. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕೆಲವು ಟ್ಯಾಕ್ಸಿಗಳಿಗೆ ಎಬಿಎಸ್ ಹಾಕಿ, ಕೆಲವಕ್ಕೆ ಹಾಕದೆ ಹೋಲಿಸಿ ನೋಡಿದರು. ಅಪಘಾತಗಳ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ. ಯಾಕೆ? ಎಬಿಎಸ್ ಇದ್ದ ಡ್ರೈವರ್‌ಗಳು ಇನ್ನಷ್ಟು ಬಿರುಸಾಗಿ ಓಡಿಸುತ್ತಿದ್ದರು, ಮುಂದಿನ ಗಾಡಿಗೆ ಹೆಚ್ಚು ಹತ್ತಿರ ಹೋಗುತ್ತಿದ್ದರು. ಒಳ್ಳೆಯ ಬ್ರೇಕಿನ ಲಾಭವನ್ನೆಲ್ಲ ವೇಗವೇ ತಿಂದುಹಾಕಿತು. ಭಾಯ್‌ಜಾನ್‌ಗೆ ಇದನ್ನು ಹೇಳಿದಾಗ ನಕ್ಕರು. "ಅವರು ಟ್ಯಾಕ್ಸಿಯವರು" ಎಂದರು. ಅವರೇ ದಿನವಿಡೀ ಓಡಿಸುವ ಅನುಭವಸ್ಥರು, ರಜೆಗೆ ಬಂದು ನಲವತ್ತು ದಿನ ಓಡಿಸುವ ನಾವೇನು?

ಜೋರಾಗಿ ಓಡಿಸುವ ಆಸೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಜಾಗ ಬೇರೆ ಇದೆ. ಕೊಯಮತ್ತೂರಿನಲ್ಲಿ, ಚೆನ್ನೈ ಹತ್ತಿರ ರೇಸ್ ಟ್ರ್ಯಾಕ್‌ಗಳಿವೆ. ರ್‍ಯಾಲಿಯಲ್ಲಿ ಸಾರ್ವಜನಿಕರು ಬಾರದಂತೆ ಬಂದ್ ಮಾಡಿದ ದಾರಿಯಲ್ಲಿ, ಹೆಲ್ಮೆಟ್ ಹಾಕಿ, ಗಾಡಿಯೊಳಗೆ ಕಬ್ಬಿಣದ ಪಂಜರ ಕಟ್ಟಿ ಓಡಿಸುತ್ತಾರೆ. ನಮ್ಮ ಕರಾವಳಿಯವರೇ ಆದ ಕಾಸರಗೋಡಿನ ಮೂಸಾ ಶರೀಫ್ ಈ ಕ್ರೀಡೆಯಲ್ಲಿ ದೇಶಕ್ಕೇ ದೊಡ್ಡ ಹೆಸರು. ಗೌರವ್ ಗಿಲ್ ಜೊತೆ ರಾಷ್ಟ್ರೀಯ ರ್‍ಯಾಲಿ ಚಾಂಪಿಯನ್ ಆದವರು. ಅವರ ಜಾಗ ಸ್ಟೀರಿಂಗ್ ಹಿಂದೆ ಅಲ್ಲ, ಪಕ್ಕದ ಸೀಟು. ಕೋ-ಡ್ರೈವರ್ ಆಗಿ, ಮೊದಲೇ ದಾರಿ ನೋಡಿ ಬರೆದುಕೊಂಡ ಟಿಪ್ಪಣಿ ಓದುತ್ತಾ, ಮುಂದಿನ ತಿರುವು ಎಷ್ಟು ಬಿಗಿ ಎಂದು ಚಾಲಕನಿಗೆ ಹೇಳುವುದು ಅವರ ಕೆಲಸ. ಅಷ್ಟು ವೇಗದವರಿಗೂ ಕಾಣದ ತಿರುವಿನ ಬಗ್ಗೆ ಮೊದಲೇ ಹೇಳಿಸಿಕೊಳ್ಳಬೇಕು. ನಾವು ದೇವಿಮನೆ ಘಟ್ಟದ ತಿರುವಿನಲ್ಲಿ ಯಾವ ಟಿಪ್ಪಣಿ ಇಟ್ಟುಕೊಂಡು ಓವರ್‌ಟೇಕ್ ಮಾಡುತ್ತೇವೆ?

ನಮ್ಮ ವಯಸ್ಸಿನವರ ವಿಷಯವನ್ನು ಬಿಟ್ಟರೆ ಸರಿಯಾಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿಲ್ಲ, ಕಾರಿನ ಲೈಸೆನ್ಸ್ ಇಲ್ಲ. ಆದರೂ ಕೆಲವರು ಓಡಿಸುತ್ತಾರೆ, ಎಲ್ಲರಿಗೂ ಗೊತ್ತು. 199ಎ ಕಲಂ ಪ್ರಕಾರ ಅಪ್ರಾಪ್ತರು ಗಾಡಿಯಲ್ಲಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಇದೆ, ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಇಂಥವರ ಬಾಯಲ್ಲಿ ಬ್ರೇಕ್ ಕಿಟ್ ಮಾತು ಕೇಳಿದರೆ ನನಗೆ ನಗು ಬರುತ್ತದೆ.

ಬಹಳ ಕಾರುಗಳ ಡ್ಯಾಶ್‌ಬೋರ್ಡ್ ಮೇಲೆ ಸವಾರಿಯ ದುಆದ ಸ್ಟಿಕರ್ ಇರುತ್ತದೆ. ಇರಲಿ, ನಾನೂ ಹತ್ತುವಾಗ ಓದುತ್ತೇನೆ. ಆದರೆ ಒಂಟೆ ಕಟ್ಟಿ ತವಕ್ಕಲ್ ಮಾಡುವ ಮಾತು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದೇ ಸ್ಟಿಕರ್‌ನಿಂದ ಎರಡಡಿ ಮುಂದೆ, ಬಾನೆಟ್ ಕೆಳಗೆ, ಬ್ರೇಕ್ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿರುತ್ತದೆ.

ಪ್ರಾಂಶುಪಾಲರಲ್ಲಿ ಮತ್ತು ಎನ್‌ಎಸ್‌ಎಸ್ ಘಟಕದಲ್ಲಿ ನನ್ನ ಕೋರಿಕೆ ಹೀಗಿದೆ. ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಶನಿವಾರ ನಮ್ಮ ಮೈದಾನದಲ್ಲಿ ಬ್ರೇಕ್ ತಪಾಸಣೆ ಇಡಬಹುದು. ಊರಿನ ಇಬ್ಬರು ಮೂವರು ಗ್ಯಾರೇಜ್ ಮೇಸ್ತ್ರಿಗಳನ್ನು ಕರೆಸಿದರೆ ಸಾಕು. ಆಯಿಲ್‌ನಲ್ಲಿ ಎಷ್ಟು ನೀರು ಸೇರಿದೆ ಎಂದು ತೋರಿಸುವ ಪೆನ್ನಿನಂಥ ಟೆಸ್ಟರ್ ಬರುತ್ತದೆ, ಅದರ ಬೆಲೆ ದೊಡ್ಡದಲ್ಲ. ಕಾಲೇಜು ಬಸ್ಸು, ಹುಡುಗಿಯರನ್ನು ತರುವ ವ್ಯಾನುಗಳು, ಆಟೋಗಳು, ಸಿಬ್ಬಂದಿಯ ಕಾರು, ನಂತರ ಊರಿನ ಆಂಬುಲೆನ್ಸ್‌ಗಳು. ಟಯರ್ ಗೀರಿನ ಆಳ ಅಳೆದು ಬರೆದುಕೊಳ್ಳುವ ಕೆಲಸವನ್ನು ಕಾಮರ್ಸ್ ವಿಭಾಗ ಮಾಡುತ್ತದೆ, ರಿಜಿಸ್ಟರ್ ಬರೆಯುವುದು ನಮಗೆ ಅಭ್ಯಾಸ. ಭಾಯ್‌ಜಾನ್ ಕಿಟ್ ವಿಷಯವನ್ನು ಇನ್ನೂ ಪೂರ್ತಿ ಕೈಬಿಟ್ಟಿಲ್ಲ. ಆದರೆ ಶಾರ್ಜಾಕ್ಕೆ ಹೋಗುವ ಮೊದಲು ನಾಲ್ಕೂ ಟಯರ್ ಬದಲಾಯಿಸಿ, ಆಯಿಲ್ ಪೂರ್ತಿ ತೆಗೆಸಿ ಹೊಸ ಡಾಟ್ 4 ಹಾಕಿಸಿದ್ದಾರೆ. ಆಯಿಲ್‌ಗೆ ಮತ್ತು ಏರ್ ತೆಗೆದ ಮಜೂರಿಗೆ ಸೇರಿ ಸಾವಿರ ರೂಪಾಯಿ ದಾಟಲಿಲ್ಲ. ಹೊರಗೆ ತೆಗೆದ ಹಳೆಯ ಆಯಿಲ್ ಒಂದು ಬಾಟಲಿಯಲ್ಲಿದೆ, ಶನಿವಾರದ ತಪಾಸಣೆ ನಡೆದರೆ ತೋರಿಸಲು ತರುತ್ತೇನೆ.